ಎರಡನೇ ಸಾಲಿನ ಮೂರನೇ ಜಾಗ

ಕಳೆದ ತಿಂಗಳು ಸ್ಯಾನ್ ಹೋಸೆಯ ಬೆರ್ರಿಯೆಸಾ ಬಡಾವಣೆಯ ಒಂದು ಶಾಲೆಯ ಹಾಲಿನಲ್ಲಿ ನಮ್ಮ ಕನ್ನಡದ ಮಕ್ಕಳ ನಾಟಕದ ರಿಹರ್ಸಲ್ ಇತ್ತು. ಮರದ ನೆಲಕ್ಕೆ ಹೊಸದಾಗಿ ಪಾಲಿಶ್ ಹಾಕಿದ್ದರು. ಬಾಗಿಲು ತೆರೆದ ಕೂಡಲೇ ಮೇಣದ, ವಾರ್ನಿಶಿನ, ಅದರಡಿಯ ಹಳೆಯ ಮರದ ಒಣ ವಾಸನೆ ಮುಖಕ್ಕೆ ಬಡಿಯಿತು. ನನ್ನ ಕಾಲು ತಾನಾಗಿಯೇ ಚಪ್ಪಲಿ ಕಳಚಿತು. ಮಕ್ಕಳು ಸಾಲಾಗಿ ನಿಲ್ಲುತ್ತಿದ್ದರು. ಎರಡನೇ ಸಾಲಿನ ಮೂರನೇ ಜಾಗಕ್ಕೆ ಒಬ್ಬಳು ಹುಡುಗಿ ಬಂದು ನಿಂತಳು.

"ಅಲ್ಲಿ ಬೇಡ ಕಂದಾ, ಸ್ವಲ್ಪ ಪಕ್ಕಕ್ಕೆ ಬಾ," ಎಂದೆ.

"ವೈ, ಆಂಟಿ?"

ಅವಳನ್ನು ಪಕ್ಕಕ್ಕೆ ನಿಲ್ಲಿಸಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಇಪ್ಪತ್ತು ವರ್ಷಕ್ಕೂ ಹಿಂದಿನ ಒಂದು ವರ್ಷ ಬಂದು ಪಕ್ಕದಲ್ಲಿ ಕೂತುಕೊಂಡಿತು.

ಆಗ ಎರಡು ಸಾವಿರದ ಇಸವಿ. ನನಗೆ ಇಪ್ಪತ್ತಾರು. ಮದುವೆಯಾಗಿ ಮೈಸೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಮೌಂಟನ್ ವ್ಯೂಗೆ ಬಂದು ವರ್ಷವಾಗಿತ್ತು. ಗಂಡ ಇಮ್ತಿಯಾಜ್ ಧಾರವಾಡದವರು. ಜನರ ಬರ್ತ್‌ಡೇ ಪಾರ್ಟಿಗಳನ್ನು ಏರ್ಪಡಿಸಿಕೊಡುವ ಒಂದು ವೆಬ್‌ಸೈಟಿನ ಕಂಪನಿಯಲ್ಲಿ ಇಂಜಿನಿಯರು. ಮನೆಯಲ್ಲಿ ನಮ್ಮಿಬ್ಬರದು ಉರ್ದು, ಆದರೆ ಮನಸ್ಸಿಗೆ ನಾಟುವ ಮಾತು ಬಂದಾಗ ಇಬ್ಬರೂ ಕನ್ನಡಕ್ಕೆ ಹೊರಳುತ್ತಿದ್ದೆವು. ಅವರು ಅವರ ಕನ್ನಡಕ್ಕೆ, ನಾನು ನನ್ನ ಕನ್ನಡಕ್ಕೆ. ಮೈಸೂರಿನಲ್ಲಿ ಸ್ಕೂಲು ಟೀಚರಾಗಿದ್ದ ನನಗೆ ಇಲ್ಲಿನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ.

ಆ ವರ್ಷದ ಜನವರಿಯಲ್ಲಿ ನನ್ನ ಅಕ್ಕ ನಸ್ರೀನ್ ಆಪಾ ತೀರಿಕೊಂಡಳು. ನಾಲ್ಕು ದಿನದ ಜ್ವರ, ಅಷ್ಟೇ. ಇಮ್ತಿಯಾಜ್ ಆಗತಾನೇ ಕಂಪನಿ ಬದಲಿಸಿದ್ದರು; ಕಾಗದಪತ್ರ ಇನ್ನೂ ಕೈಗೆ ಬಂದಿರಲಿಲ್ಲ. ಈಗ ದೇಶ ಬಿಟ್ಟರೆ ವಾಪಸು ಬರುವುದು ಯಾವಾಗ ಎಂದು ಹೇಳಲಾಗದು ಎಂದರು ವಕೀಲರು. ಫೋನಿನಲ್ಲಿ ಅಮ್ಮಿ, "ಬಂದು ಏನು ಮಾಡ್ತೀಯಾ ಬೇಟಾ, ಎಲ್ಲಾ ಮುಗೀತು," ಎಂದರು. ಅವರ ಮಾತಿನ ಹಿಂದೆ ಯಾರೋ ದೊಡ್ಡ ಪಾತ್ರೆ ಎಳೆಯುವ ಸದ್ದು ಕೇಳಿಸುತ್ತಿತ್ತು. ಸತ್ತ ಮನೆಗೆ ಅಡುಗೆ ಹೊತ್ತು ತಂದವರ ಸದ್ದು. ನಾನು ಅಳಲಿಲ್ಲ. ಆಮೇಲೂ ಅಳು ಬರಲಿಲ್ಲ. ಮದುವೆಮನೆಗಳಲ್ಲಿ ಹೆಂಗಸರ ಕೋಣೆಯ ಬಾಗಿಲು ಹಾಕಿಕೊಂಡು ಢೋಲಕ್ ಬಾರಿಸುತ್ತಿದ್ದವಳು ಆಪಾ. ಅವಳು ಬಾರಿಸಿದರೆ ಮುದುಕಿಯರೂ ಎದ್ದು ಕುಣಿಯುತ್ತಿದ್ದರು. ಆ ಢೋಲಕ್ ಈಗ ಯಾರ ಮನೆಯಲ್ಲಿದೆ ಎಂದು ಕೇಳಬೇಕು ಅನ್ನಿಸುತ್ತಿತ್ತು, ಕೇಳಲಿಲ್ಲ.

ಮನೆಯಲ್ಲಿ ಕೂರಲಾಗದೆ ದಿನಾ ರೈಲು ಹತ್ತುತ್ತಿದ್ದೆ. ಮೌಂಟನ್ ವ್ಯೂನಿಂದ ಸ್ಯಾನ್ ಫ್ರಾನ್ಸಿಸ್ಕೋದ ಕೊನೇ ಸ್ಟೇಷನ್ನಿನ ತನಕ ಹೋಗುವುದು, ಅದೇ ರೈಲಿನಲ್ಲಿ ವಾಪಸು ಬರುವುದು. ಮಾರ್ಚಿನ ಒಂದು ಮಂಗಳವಾರ ಕೊನೇ ಸ್ಟೇಷನ್ನಿನಲ್ಲಿ ಇಳಿದು ಹಳೇ ಗೋದಾಮುಗಳ ಬೀದಿಯಲ್ಲಿ ನಡೆದೆ. ಮಂಜು ಇನ್ನೂ ಕರಗಿರಲಿಲ್ಲ. ಒಂದು ಇಟ್ಟಿಗೆ ಕಟ್ಟಡದ ಮೇಲಿನ ಮಹಡಿಯಿಂದ ತೊಗಲಿನ ವಾದ್ಯದ ಸದ್ದು ಬಂತು. ಆಪಾಳ ಢೋಲಕ್ಕಿಗಿಂತ ದಪ್ಪ ಸದ್ದು. ಆದರೆ ಅವಳ ಹಾಗೆಯೇ ಒಂದು ಏಟನ್ನು ತಡೆದು, ಕೇಳುವವರನ್ನು ಕಾಯಿಸಿ ಕೊಡುವ ಅಭ್ಯಾಸ. ಮೆಟ್ಟಿಲು ಹತ್ತಿದೆ.

ಉದ್ದನೆಯ ಹಾಲು, ಮರದ ನೆಲ, ಕಿಟಕಿಗಳಿಂದ ಬೂದು ಬೆಳಕು. ಒಂಬತ್ತು ಹೆಂಗಸರು ಮೂರು ಸಾಲಿನಲ್ಲಿ ಬರಿಗಾಲಲ್ಲಿ ನಿಂತಿದ್ದರು. ಮೂಲೆಯಲ್ಲಿ ಎತ್ತರದ ಡ್ರಮ್ಮಿನ ಮುಂದೆ ಜೋನಾಸ್ ಎಂಬ ಬಿಳಿಗಡ್ಡದ ಮುದುಕ. ಎಲ್ಲರೆದುರು ಹಳದಿ ಬಟ್ಟೆ ಸೊಂಟಕ್ಕೆ ಬಿಗಿದ ಐವತ್ತರ ಆಸುಪಾಸಿನ ಹೆಂಗಸು. ನನ್ನನ್ನು ಕಂಡು ಕೈ ಬೀಸಿ, "ಯಾಕಾ, ಯಾಕಾ," ಎಂದರು. ಯಾಕೆ ಬಂದೆ ಎಂದು ಕನ್ನಡದಲ್ಲೇ ಕೇಳಿದಂತಾಗಿ ಬೆಚ್ಚಿದೆ. ಅವರ ಲಿಂಗಾಲ ಭಾಷೆಯಲ್ಲಿ ಅದು 'ಬಾ' ಎಂದು ಆಮೇಲೆ ತಿಳಿಯಿತು. ಅವರು ಕಾಂಗೋದವರು, ಕ್ಲೆಮಾಂಟೀನ್ ಎಂದು ಹೆಸರು. ಎಲ್ಲರೂ ಮಾಮಾ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಮಾಮಾ ಎಂದರೆ ತಾಯಿಯ ತಮ್ಮ, ಅವರಲ್ಲಿ ತಾಯಿ.

ಎರಡನೇ ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು. ಹೋಗಿ ನಿಂತೆ. ಡ್ರಮ್ಮು ನಿಂತಿತು. ಪಕ್ಕದಲ್ಲಿದ್ದವಳು ನನ್ನ ಮೊಣಕೈ ಹಿಡಿದು ಮೆಲ್ಲಗೆ ಹಿಂದಿನ ಸಾಲಿಗೆ ಕರೆದೊಯ್ದಳು. "ಅಲ್ಲಿ ನಿಲ್ಲಬಾರದು," ಎಂದಳು. ನನ್ನ ಮುಂದೆಯೇ ಆ ಖಾಲಿ ಜಾಗ. ಸಾಲು ಮುಂದೆ ಹೋದರೆ ಅದೂ ಮುಂದೆ ಹೋಗುತ್ತಿತ್ತು, ಸಾಲು ತಿರುಗಿದರೆ ಅದೂ ತಿರುಗುತ್ತಿತ್ತು. ಎರಡೂ ಪಕ್ಕದವರು ಅಲ್ಲಿ ಯಾರೋ ಇದ್ದಾರೆ ಎಂಬಂತೆ ಕೈ ಬೀಸುವಾಗ ಎಚ್ಚರ ವಹಿಸುತ್ತಿದ್ದರು.

ಮಂಗಳವಾರ, ಶುಕ್ರವಾರ ಬೆಳಿಗ್ಗೆ ಕ್ಲಾಸು. ಮೊಣಕಾಲು ಮಡಚಿ, ಬೆನ್ನು ತುಸು ಮುಂದೆ ಬಾಗಿಸಿ, ಇಡೀ ಪಾದವನ್ನು ನೆಲಕ್ಕೆ ಊರಬೇಕು. ಸೊಂಟ ಒಂದು ಲಯದಲ್ಲಿ, ಭುಜ ಇನ್ನೊಂದರಲ್ಲಿ. ಮೊದಲ ತಿಂಗಳು ನನಗೆ ಎರಡೂ ದಕ್ಕಲಿಲ್ಲ. "ನೆಲವನ್ನು ಹೆದರಿಸಬೇಡ, ಅದಕ್ಕೆ ಸುದ್ದಿ ಹೇಳು," ಎನ್ನುತ್ತಿದ್ದರು ಮಾಮಾ. ಅವರು ಹೇಳಿದ್ದೆಲ್ಲ ಫ್ರೆಂಚ್ ಬೆರೆತ ಇಂಗ್ಲಿಷಿನಲ್ಲಿ. ನನಗೆ ಮಾತ್ರ ಅವರ ಮಾತು ಕನ್ನಡದಲ್ಲೇ ನೆನಪಾಗುತ್ತದೆ.

ಇಮ್ತಿಯಾಜರಿಗೆ ಎಕ್ಸರ್‌ಸೈಜ್ ಕ್ಲಾಸು ಎಂದಿದ್ದೆ. ಅವರು ಬೇಡ ಎನ್ನುವವರಲ್ಲ. ಅಕ್ಕ ಸತ್ತ ಎರಡೇ ತಿಂಗಳಿಗೆ ಕುಣಿಯಲು ಹೋಗುತ್ತಿದ್ದೇನೆ ಎಂದು ಹೇಳಲು ನನಗೇ ನಾಚಿಕೆ.

ಆ ಮಾತನ್ನು ಮೊದಲು ಹೇಳಿದ್ದು ಮಾಮಾಗೆ. ಮೇ ತಿಂಗಳಲ್ಲಿ ಒಂದು ದಿನ ಕ್ಲಾಸು ಮುಗಿದ ಮೇಲೆ ಕಿಟಕಿಯ ಪಕ್ಕ ಕೂತು ಫ್ಲಾಸ್ಕಿನಿಂದ ಶುಂಠಿ ಟೀ ಬಗ್ಗಿಸಿ ಕೊಟ್ಟರು. "ನಿನ್ನ ಕಾಲು ಕುಣಿಯುತ್ತದೆ, ಮುಖ ಬೇರೆಲ್ಲೋ ಇರುತ್ತದೆ. ಯಾರು ಹೋದರು?" ಎಂದು ಕೇಳಿದರು.

"ಅಕ್ಕ. ನಾನು ಮಣ್ಣಿಗೂ ಹೋಗಲಿಲ್ಲ. ಈಗ ಇಲ್ಲಿ ಕುಣಿಯುತ್ತಿದ್ದೇನೆ."

"ನಮ್ಮಲ್ಲಿ ಸತ್ತವರ ಮನೆಯ ಅಂಗಳದಲ್ಲೇ ಕುಣಿಯುತ್ತಾರೆ," ಎಂದರು ಮಾಮಾ. "ಅತ್ತು, ಎದ್ದು ಕುಣಿದು, ಮತ್ತೆ ಅಳುತ್ತಾರೆ. ಸಾವು ಬಂದ ಮನೆಯಲ್ಲಿ ಅದೇ ಯಜಮಾನ ಆಗಬಾರದಲ್ಲ."

ಆ ದಿನವೇ ಖಾಲಿ ಜಾಗದ ವಿಷಯ ಹೇಳಿದರು. ಯುದ್ಧ ಬಂದಾಗ ಅವರ ಓಣಿಯ ಜನವೆಲ್ಲ ನಗರ ಬಿಟ್ಟು ಕಾಡಿನ ದಾರಿ ಹಿಡಿದರು. ದಾರಿಯುದ್ದಕ್ಕೂ ಬಂದೂಕಿನವರು ಜನರನ್ನು ನಿಲ್ಲಿಸಿ ಕೈ ಮೇಲೆತ್ತಿಸುತ್ತಿದ್ದರು. ಮಾತಾಡುವ ಹಾಗಿಲ್ಲ, ಅಳುವ ಹಾಗಿಲ್ಲ. ಮಾಮಾರ ಮಗಳು ಸೊಲಾಂಜ್‌ಗೆ ಹದಿನೇಳು. ಒಂದು ಕಡೆ ಕೈ ಎತ್ತಿ ನಿಂತಾಗ ಚಿಕ್ಕ ಮಕ್ಕಳು ಬಿಕ್ಕತೊಡಗಿದರು. ಸೊಲಾಂಜ್ ಎತ್ತಿದ ಕೈಗಳನ್ನು ಹಾಗೇ ಗಾಳಿಯಲ್ಲಿ ತೇಲಿಸಿ, ಸೊಂಟ ಆಡಿಸಿ ಕುಣಿದಳು. ಮಕ್ಕಳು ನಕ್ಕರು. ಕಾವಲಿದ್ದ ಒಬ್ಬ ಸೈನಿಕನೂ ನಕ್ಕನಂತೆ. ಅವರನ್ನು ಬಿಟ್ಟರು. ಎರಡು ದಿನದ ಮೇಲೆ, ಇನ್ನೊಂದು ಕಡೆ, ಗುಂಡು ಹಾರಿ ಜನ ಚದುರಿದರು. ಸಂಜೆ ಎಲ್ಲರೂ ಸೇರಿದಾಗ ಸೊಲಾಂಜ್ ಇರಲಿಲ್ಲ. ಹೆಣವನ್ನು ಕಂಡವರಿಲ್ಲ, ಬದುಕಿದ್ದಾಳೆ ಎಂದು ಹೇಳುವವರೂ ಇಲ್ಲ.

"ಇಲ್ಲಿ ಬಂದು ಕ್ಲಾಸು ಶುರು ಮಾಡಿದೆ. ಎರಡನೇ ಸಾಲಿನ ಮೂರನೇ ಜಾಗ ಅವಳದು," ಎಂದರು. "ಬಂದಾಗ ನಿಲ್ಲಲು ಜಾಗ ಬೇಡವೇ?"

ಅವರು ಆ ವರ್ಷ ಕಟ್ಟುತ್ತಿದ್ದ ನೃತ್ಯ ಆ ದಾರಿಯದೇ. ಹೆಂಗಸರು ತಲೆಯ ಮೇಲೆ ಗಂಟು ಹೊತ್ತು ನಡೆಯುತ್ತಾರೆ, ತಟ್ಟನೆ ನಿಲ್ಲುತ್ತಾರೆ, ಕೈ ಎತ್ತುತ್ತಾರೆ. ಎತ್ತಿದ ಕೈಗಳು ನಡುಗುತ್ತವೆ; ನಡುಕ ಮೆಲ್ಲಗೆ ಲಯವಾಗುತ್ತದೆ; ಲಯ ಸೊಂಟಕ್ಕೆ ಇಳಿದು, ಕಾಲಿಗೆ ಇಳಿದು, ಕೊನೆಗೆ ಎಲ್ಲರೂ ನಗುತ್ತ ಕುಣಿಯುತ್ತಾರೆ. ಹಳೇ ಕುಣಿತದ ಹೆಜ್ಜೆಗಳೇ, ಆದರೆ ಜೋಡಣೆ ಮಾಮಾರದು. ನಗುವ ಭಾಗವೇ ಎಲ್ಲರಿಗೂ ಕಷ್ಟ. "ಸುಳ್ಳು ನಗು ಬೇಡ," ಎಂದು ಮತ್ತೆ ಮತ್ತೆ ನಿಲ್ಲಿಸುತ್ತಿದ್ದರು. "ಅವರು ನಮ್ಮಿಂದ ಮೊದಲು ಕಸಿದದ್ದು ಇದನ್ನೇ. ಇದನ್ನು ಬಿಟ್ಟುಕೊಟ್ಟರೆ ಉಳಿದದ್ದನ್ನೂ ಕೊಟ್ಟ ಹಾಗೆ." ಅಕ್ಟೋಬರಿನಲ್ಲಿ ಆ ಹಾಲಿನಲ್ಲೇ ಪ್ರದರ್ಶನ ಎಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ನನ್ನ ಭುಜವೂ ಸೊಂಟವೂ ಒಂದನ್ನೊಂದು ಬಿಟ್ಟು ತಮ್ಮ ತಮ್ಮ ಲಯ ಹಿಡಿದಿದ್ದವು.

ಜುಲೈ ಕೊನೆಯ ಒಂದು ಸಂಜೆ ಇಮ್ತಿಯಾಜ್ ಊಟದ ಮೇಜಿನ ಮೇಲೆ ಒಂದು ನಕ್ಷೆ ಹರಡಿದರು. ಮುಖದಲ್ಲಿ ಹಬ್ಬ.

"ಸಬೀಹಾ, ಇಲ್ಲಿ ಬಾ. ನೋಡು, ನಮ್ಮ ಹೊಸಾ ಆಫೀಸು. ಸ್ಯಾನ್ ಫ್ರಾನ್ಸಿಸ್ಕೋದಾಗ. ಸ್ಟೇಷನ್ನಿಂದ ಹತ್ತು ನಿಮಿಷ ನಡದ್ರ ಸಾಕು. ಮ್ಯಾಲಿನ ಫ್ಲೋರು ಪೂರಾ ನಮದ."

ಬೀದಿಯ ಹೆಸರು ಓದಿದೆ. ಕಿಟಕಿಗಳನ್ನು ಎಣಿಸಿದೆ. ಡ್ರಮ್ಮು ಇಡುವ ಮೂಲೆಯಲ್ಲಿ 'ಸರ್ವರ್ ರೂಮು' ಎಂದು ಬರೆದಿತ್ತು.

"ಈಗ ಅಲ್ಲಿ ಏನಿದೆ?" ಎಂದೆ.

"ಏನೋ ಡ್ಯಾನ್ಸು ಗೀನ್ಸು ಮಾಡ್ತಾರಂತ. ಓನರ್ ಬಿಡಸ್ತಾನ. ಹಳೇದು ಐತಿ ಖರೆ, ಕಾರ್ಪೆಟ್ ಹಾಕಿದ್ರ ಮಸ್ತ್ ಆಗ್ತೈತಿ."

ನಾನು ಸಾರು ಬಿಸಿ ಮಾಡಲು ಎದ್ದು ಹೋದೆ. ಆ ರಾತ್ರಿ ಹೇಳಲಿಲ್ಲ, ಮಾರನೇ ದಿನವೂ ಹೇಳಲಿಲ್ಲ. ಕ್ಲಾಸಿಗೆ ಹೋದೆ, ಅಲ್ಲೂ ಹೇಳಲಿಲ್ಲ. ಹೇಳಿದರೆ ಗಂಡನಿಗೆ ಕುಣಿತದ ವಿಷಯ ಹೇಳಬೇಕು, ಕುಣಿಯುವವರಿಗೆ ಗಂಡನ ವಿಷಯ ಹೇಳಬೇಕು. ಪ್ಲಾನು ಬದಲಾದರೂ ಆದೀತು ಎಂದು ನನಗೆ ನಾನೇ ಹೇಳಿಕೊಂಡೆ. ಮೂರು ವಾರ ಹಾಗೇ ಕಳೆದೆ. ಕುಣಿಯುವಾಗ ಕಣ್ಣು ನೆಲಕ್ಕೆ ಹೋಗುತ್ತಿತ್ತು. ಇಲ್ಲಿ ಒಂದು ಮೇಜು, ಇಲ್ಲಿ ಒಂದು ಮೇಜು ಎಂದು ನಕ್ಷೆ ಕಾಣುತ್ತಿತ್ತು. ಸೊಲಾಂಜ್‌ಳ ಜಾಗದಲ್ಲಿ ಫೋಟೋಕಾಪಿ ಮಷೀನು.

ಆಗಸ್ಟಿನಲ್ಲಿ ಬಾಗಿಲಿಗೆ ನೋಟೀಸು ಅಂಟಿತು. ತಿಂಗಳೊಳಗೆ ಖಾಲಿ ಮಾಡಬೇಕು. ಮಾಮಾ ಅದನ್ನು ಓದಿ, ಮಡಚಿ, ಸೊಂಟದ ಬಟ್ಟೆಗೆ ಸಿಕ್ಕಿಸಿಕೊಂಡು ಪಾಠ ಶುರು ಮಾಡಿದರು. ಕೊನೆಗೆ, "ಯಾರಿಗಾದರೂ ಈ ಕಂಪನಿಯ ಬಗ್ಗೆ ಗೊತ್ತೇ?" ಎಂದು ಕೇಳಿದರು. ನಾನು ಶೂ ಲೇಸು ಕಟ್ಟುತ್ತಿದ್ದೆ.

ಆ ಸಂಜೆ ಇಮ್ತಿಯಾಜರಿಗೆ ಎಲ್ಲ ಹೇಳಿದೆ. ಅವರು ಕುರ್ಚಿ ಎಳೆದು ನನ್ನೆದುರು ಕೂತರು. ಆಮೇಲೆ, "ಆಪಾ ತೀರಿಕೊಂಡ ವರ್ಷ ನೀ ಕುಣಿಯಾಕ ಹೋಗ್ತಿದ್ದಿ?" ಎಂದರು.

"ಹೌದು."

"ನನಗ ಯಾಕ ಹೇಳಲಿಲ್ಲ?"

"ನೀವು ಈಗ ಕೇಳಿದ್ರಲ್ಲ, ಹಾಗೆ ಕೇಳ್ತೀರಾ ಅಂತ."

ಅವರು ತಲೆ ತಗ್ಗಿಸಿದರು. "ಬಿಲ್ಡಿಂಗು ನಾ ಆರಿಸಿದ್ದಲ್ಲ ಸಬೀಹಾ. ನಾ ಕೋಡ್ ಬರಿಯಾಂವ. ನಾ ಏನ್ ಹೇಳಿದ್ರೂ ಅಲ್ಲಿ ಕೇಳೋರು ಯಾರು?" ಅದು ನಿಜವೂ ಆಗಿತ್ತು.

ಶುಕ್ರವಾರ ಎಲ್ಲರೂ ಹೋದ ಮೇಲೆ ಮಾಮಾಗೆ ಹೇಳಿದೆ. ಅವರು ಟೀ ಲೋಟ ಕೆಳಗಿಟ್ಟರು.

"ಯಾವಾಗಿಂದ ಗೊತ್ತು?"

"ಮೂರು ವಾರದಿಂದ."

"ಮೂರು ವಾರದ ಹಿಂದೆ ಪಕ್ಕದ ಬೀದಿಯ ಚರ್ಚಿನ ಹಾಲು ಖಾಲಿ ಇತ್ತು. ಹೋದ ವಾರ ಬೇರೆಯವರಿಗೆ ಕೊಟ್ಟರು." ಕಿಟಕಿಯಾಚೆ ನೋಡುತ್ತ ಅವರು ಮೆಲ್ಲಗೆ ಹೇಳಿದರು, "ನೀನು ಬಾಯಿ ಬಿಡಬೇಕಿತ್ತು."

ಅಷ್ಟೇ. ಬಯ್ಯಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ಸೆಪ್ಟೆಂಬರಿನಲ್ಲಿ ಕೊನೇ ಕ್ಲಾಸು ಆಯಿತು. ಪ್ರದರ್ಶನಕ್ಕೆ ಬೇರೆ ಜಾಗ ಸಿಗಲಿಲ್ಲ. ಹೊಸ ಕಂಪನಿಗಳ ಭರಾಟೆಯಲ್ಲಿ ಆ ವರ್ಷ ಆ ಊರಿನಲ್ಲಿ ಕುಣಿಯುವವರಿಗೆ, ಚಿತ್ರ ಬರೆಯುವವರಿಗೆ ಯಾರಿಗೂ ಜಾಗ ಸಿಗುತ್ತಿರಲಿಲ್ಲ. ಮಾಮಾ ಓಕ್‌ಲ್ಯಾಂಡಿನ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೊದಲೇ ಅರ್ಧ ದಿನ ಕೆಲಸ ಮಾಡುತ್ತಿದ್ದರು. ಈಗ ಇಡೀ ದಿನ ಮಾಡತೊಡಗಿದರು. ನಾನು ಮತ್ತೆ ಮನೆಯಲ್ಲಿ ಕೂತೆ. ಮಧ್ಯಾಹ್ನ ಮಲಗಿದರೆ ಮರದ ನೆಲದ ಮೇಲೆ ಬರಿಗಾಲುಗಳ ಸದ್ದು ಕೇಳಿಸುತ್ತಿತ್ತು. ನಮ್ಮ ಅಪಾರ್ಟ್‌ಮೆಂಟಿನ ಮೇಲೆ ಯಾರ ಮನೆಯೂ ಇರಲಿಲ್ಲ.

ಇಮ್ತಿಯಾಜ್ ದಿನಾ ಆ ಹಾಲಿಗೆ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಅಲ್ಲಿ ಹೇಗಿದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಮ್ಮೆ ಮಾತ್ರ, ಊಟದ ನಡುವೆ, "ನನ್ನ ಮೇಜು ಮೂಲ್ಯಾಗೈತಿ, ಡ್ರಮ್ಮು ಇಡ್ತಿದ್ರಂದಿ ನೋಡು, ಅದರ ಬಾಜೂಕ," ಎಂದು ತಟ್ಟೆ ನೋಡಿಕೊಂಡೇ ಹೇಳಿದರು.

ಅದೂ ಏಳೇ ತಿಂಗಳು ನಡೆಯಿತು. ಮುಂದಿನ ವರ್ಷದ ಏಪ್ರಿಲ್ ಬರುವಷ್ಟರಲ್ಲಿ ಇಂಟರ್‌ನೆಟ್ ಕಂಪನಿಗಳ ಗುಳ್ಳೆ ಒಡೆದು ಆ ಬೀದಿಯ ಒಂದೊಂದೇ ಕಂಪನಿಯ ಬೋರ್ಡು ಇಳಿಯಿತು. ಒಂದು ಗುರುವಾರ ಇಮ್ತಿಯಾಜ್ ಮಧ್ಯಾಹ್ನಕ್ಕೇ ಮನೆಗೆ ಬಂದರು.

"ಬಾಗಲಾ ಹಾಕಿದ್ರು. ಎಲ್ಲಾರನೂ ತಗದ್ರು," ಎಂದು ಸೋಫಾದ ತುದಿಯಲ್ಲಿ ಕೂತರು. ನಮ್ಮ ವೀಸಾ, ಈ ಮನೆ, ಮುಂದೇನು ಎಂಬುದೆಲ್ಲ ಇಬ್ಬರ ತಲೆಯಲ್ಲೂ ಸುತ್ತುತ್ತಿತ್ತು. ನಾನು ನೀರು ತಂದುಕೊಟ್ಟೆ. ಕುಡಿದು, "ನಾಳೆ ಸಂಜೀತನಾ ನನ್ನ ಕಾರ್ಡು ನಡೀತೈತಿ. ಸಾಮಾನು ತರಾಕ ಬಿಟ್ಟಾರ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮ ಮಾಮಾಗ ಫೋನ್ ಹಚ್ಚು," ಎಂದರು.

"ಯಾಕೆ?"

"ಹಾಲು ಖಾಲಿ ಐತಿ."

ಶುಕ್ರವಾರ ಹನ್ನೊಂದಕ್ಕೆ ಮಾಮಾ ಬಂದರು. ಕೆಲಸಕ್ಕೆ ರಜೆ ಹಾಕಿದ್ದರು. ಜೋನಾಸ್ ಒಂದೇ ಡ್ರಮ್ಮು ಹೊತ್ತು ತಂದಿದ್ದ. ಹಳಬರಲ್ಲಿ ಆರು ಜನ ಸಿಕ್ಕಿದ್ದರು. ಇಮ್ತಿಯಾಜ್ ಕಾರ್ಡು ಉಜ್ಜಿ ಬಾಗಿಲು ತೆರೆದರು. ಒಳಗೆ ಉರುಳಿಬಿದ್ದ ಕುರ್ಚಿಗಳು, ವೈರುಗಳು, ಗೋಡೆಗೆ ಇನ್ನೂ ಅಂಟಿದ್ದ ಬಲೂನುಗಳು. ನೆಲದ ತುಂಬ ಬೂದು ಕಾರ್ಪೆಟ್ಟು. ನಾಲ್ಕೈದು ಇಂಜಿನಿಯರುಗಳು ರಟ್ಟಿನ ಪೆಟ್ಟಿಗೆಗಳಿಗೆ ಸಾಮಾನು ತುಂಬುತ್ತಿದ್ದರು.

ಮೇಜುಗಳನ್ನು ಗೋಡೆಗೆ ಸರಿಸಿ ಸಾಲು ನಿಂತೆವು. ಜೋನಾಸ್ ಬಾರಿಸಿದ, ನಾವು ಹೆಜ್ಜೆ ಹಾಕಿದೆವು. ಕಾಲಿನಿಂದ ಸದ್ದೇ ಬರಲಿಲ್ಲ. ಏಳು ಜನ ನೆಲ ತುಳಿದರೂ ಯಾರೂ ಇಲ್ಲದಂತೆ. ಸತ್ತವರು ಕುಣಿದರೆ ಹೀಗೇ ಇರಬೇಕು ಅನ್ನಿಸಿತು. ಮಾಮಾ ಕೈ ಎತ್ತಿ ನಿಲ್ಲಿಸಿದರು. "ನೆಲ ಕೇಳಿಸಿಕೊಳ್ಳುತ್ತಿಲ್ಲ," ಎಂದರು.

ಇಮ್ತಿಯಾಜ್ ಪೆಟ್ಟಿಗೆ ಕತ್ತರಿಸುವ ಚಾಕು ತೆಗೆದುಕೊಂಡು ಮಂಡಿಯೂರಿದರು. ಕಾರ್ಪೆಟ್ಟನ್ನು ಈ ಗೋಡೆಯಿಂದ ಆ ಗೋಡೆಗೆ ಸೀಳಿದರು. ಅವರ ಮ್ಯಾನೇಜರು ಬಾಗಿಲಲ್ಲಿ ನಿಂತು ನೋಡಿದರು. ತಮ್ಮ ಹೂಕುಂಡ ಎತ್ತಿಕೊಂಡು ಕೆಳಗಿಳಿದು ಹೋದರು. ಇನ್ನಿಬ್ಬರು ಇಂಜಿನಿಯರುಗಳು ಬಂದು ತುದಿ ಹಿಡಿದರು. ಅಂಟು ಕಿತ್ತು ಬರುವ ಕರಕರ ಸದ್ದಿನೊಂದಿಗೆ ಕೆಳಗಿನ ಮರ ಕಾಣಿಸಿಕೊಂಡಿತು. ನಾವು ಬರಿಗಾಲಲ್ಲಿ ಅದರ ಮೇಲೆ ನಿಂತೆವು, ನಡುವೆ ಒಂದು ಜಾಗ ಬಿಟ್ಟು.

ಗಂಟು ಹೊತ್ತು ನಡೆದೆವು. ತಟ್ಟನೆ ನಿಂತೆವು. ಕೈ ಎತ್ತಿದೆವು. ಪೆಟ್ಟಿಗೆಗಳ ಮೇಲೆ ಕೂತಿದ್ದವರಲ್ಲಿ ಒಬ್ಬ ಅರ್ಧ ತಿಂದ ಸ್ಯಾಂಡ್‌ವಿಚ್ಚನ್ನು ಕೆಳಗಿಟ್ಟ. ಎತ್ತಿದ ಕೈ ನಡುಗತೊಡಗಿದಾಗ ನನಗೆ ಜನವರಿಯ ಆ ಫೋನಿನ ಪಾತ್ರೆಯ ಸದ್ದು ಕೇಳಿಸಿತು, ಆಪಾಳ ಬೆರಳುಗಳು ಕಂಡವು. ಹದಿನೈದು ತಿಂಗಳು ಬಾರದ ಅಳು ಬಂತು. ಕಣ್ಣೀರು ಇಳಿಯುತ್ತಿರುವಂತೆಯೇ ಕಾಲು ಲಯ ಹಿಡಿಯಿತು, ಬಾಯಿ ನಗುತ್ತಿತ್ತು. ಮಾಮಾ ನನ್ನನ್ನೇ ನೋಡಿ ಹೌದು ಎನ್ನುವಂತೆ ತಲೆ ಆಡಿಸಿದರು. ಆ ಗದ್ದಲದಲ್ಲಿ ನಮ್ಮ ಏಳು ಜನರ ಕಾಲಿನ ಸದ್ದಿನ ಜೊತೆ ಇನ್ನೂ ಒಬ್ಬರ ಕಾಲು ಸೇರಿಕೊಂಡಿತ್ತು ಎಂದು ಜೋನಾಸ್ ಕೊನೇತನಕ ಹೇಳುತ್ತಿದ್ದ. ನಾನು ಕೇಳಿದೆನೋ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ.

ಮುಗಿದ ಮೇಲೆ ಮಾಮಾ ಇಮ್ತಿಯಾಜರ ಮುಂದೆ ನಿಂತರು. "ನಿಮ್ಮ ಕೆಲಸ ಹೋಯಿತಂತೆ?"

"ಹೌದು."

"ಹಾಗಾದರೆ ಬನ್ನಿ," ಎಂದು ಕೈ ಹಿಡಿದು ಎಳೆದರು. ನನ್ನ ಗಂಡ ಕಾಲುಚೀಲದಲ್ಲಿ, ಒಂದು ಏಟಿಗೂ ಹೊಂದದೆ, ಕಿವಿ ಕೆಂಪು ಮಾಡಿಕೊಂಡು ಕುಣಿದರು. ಪೆಟ್ಟಿಗೆಯವರೂ ಎದ್ದು ಬಂದರು. ಮಧ್ಯಾಹ್ನ ಎರಡರವರೆಗೆ ಆ ಹಾಲು ನಮ್ಮದಾಗಿತ್ತು.

ಎರಡು ತಿಂಗಳಿಗೆ ಇಮ್ತಿಯಾಜರಿಗೆ ಸ್ಯಾನ್ ಹೋಸೆಯಲ್ಲಿ ಕೆಲಸ ಸಿಕ್ಕಿತು, ಅದೊಂದು ಅದೃಷ್ಟ. ಅದೇ ಬೇಸಿಗೆಯಲ್ಲಿ ಮಾಮಾಗೆ ಒಂದು ಫೋನು ಬಂತು. ಅವರ ದೇಶದ ಗಡಿಯಾಚೆಯ ಒಂದು ಊರಿನಲ್ಲಿ, ಟೈಲರ್ ಅಂಗಡಿಯೊಂದರಲ್ಲಿ, ಒಬ್ಬ ಹುಡುಗಿ ಇದ್ದಾಳೆ. ಬೇರೆ ಹೆಸರು ಹೇಳುತ್ತಾಳೆ. ಸಂಜೆ ಓಣಿಯ ಮಕ್ಕಳನ್ನು ಸೇರಿಸಿ ಕುಣಿಸುತ್ತಾಳೆ. ನೋಡಿದವರಿಗೆ ಸೊಲಾಂಜ್ ಅನ್ನಿಸಿದೆ. ಮಾಮಾ ಹೊರಟರು. ಏರ್‌ಪೋರ್ಟಿಗೆ ಬಿಡಲು ಹೋದವಳು ನಾನು. ಹೋದ ಮೇಲೆ ಅವರಿಂದ ಪತ್ರ ಬರಲಿಲ್ಲ. ಅವರ ಓಕ್‌ಲ್ಯಾಂಡಿನ ಮನೆಯ ನಂಬರಿಗೆ ಕೆಲವು ತಿಂಗಳು ಫೋನ್ ಮಾಡಿದೆ; ಆಮೇಲೆ ಆ ನಂಬರು ಬೇರೆ ಯಾರದೋ ಆಯಿತು. ಎರಡು ವರ್ಷಕ್ಕೆ ಜೋನಾಸ್ ತೀರಿಕೊಂಡ. ಅವನಿಗೂ ಏನೂ ಗೊತ್ತಿರಲಿಲ್ಲ.

ಆ ದಿನ ಏರ್‌ಪೋರ್ಟಿನಲ್ಲಿ ಮಾಮಾ ಪಾಸ್‌ಪೋರ್ಟು ಹುಡುಕಲು ಬೆಂಚಿನ ಮೇಲೆ ಚೀಲ ಬಿಚ್ಚಿದರು. ಮೇಲೆಯೇ ಒಂದು ಜೊತೆ ಹೊಸ ಬಟ್ಟೆ ಇತ್ತು. ದೊಡ್ಡ ದೊಡ್ಡ ಎಲೆಗಳ ಚಿತ್ರವಿದ್ದ ಹಸಿರು ಲಂಗ, ಅದಕ್ಕೊಪ್ಪುವ ರವಿಕೆ. ಅವರೇ ಕೈಯಿಂದ ಹೊಲಿದದ್ದು. ರವಿಕೆಯನ್ನು ಬಿಡಿಸಿ ಎತ್ತಿ ಹಿಡಿದರು. ಭುಜ ಕಿರಿದು, ತೋಳು ಸಣ್ಣದು. ಹದಿನೇಳರ ಹುಡುಗಿಯ ಅಳತೆ. ಅವಳಿಗೆ ಆಗಲೇ ಇಪ್ಪತ್ತಾಗಿರಬೇಕಿತ್ತು.

"ಅವಳಿಗೆ ಸರಿಹೋಗುತ್ತದೆ ಅಲ್ಲವೇ?" ಎಂದು ಕೇಳಿದರು.

"ಸರಿಹೋಗುತ್ತದೆ, ಮಾಮಾ," ಎಂದೆ.

ಅವರು ರವಿಕೆಯನ್ನು ಮತ್ತೆ ನೀಟಾಗಿ ಮಡಚಿ, ಅಂಗೈಯಿಂದ ಒಮ್ಮೆ ಸವರಿ, ಎಲ್ಲಕ್ಕಿಂತ ಮೇಲೆ ಇಟ್ಟು ಚೀಲ ಮುಚ್ಚಿದರು.